ಮೂಲೆ ಮುರಿದ ಹಲ್ಲು

ಹೋಯಿತು, ಮತ್ತೆ ಒಳಗೆ ಹೋಯಿತು ಅಣ್ಣನ ಹೊಟ್ಟೆ, ನಾನು ಕ್ಯಾಮೆರಾ ಕಣ್ಣಿಗೆ ಹಿಡಿದದ್ದೇ ತಡ, ಇಷ್ಟು ಹೊತ್ತು ಊಟದ ಮೇಜಿನ ಅಂಚಿಗೆ ಆರಾಮಾಗಿ ಒರಗಿಕೊಂಡಿದ್ದ ಹೊಟ್ಟೆ ಗದರಿಸಿದ ನಾಯಿಮರಿಯ ಹಾಗೆ ಒಳಗೆ ಓಡಿತು, ಎದೆ ಮುಂದೆ ಬಂತು, ಕತ್ತು ಎರಡು ಬೆರಳು ಉದ್ದವಾಯಿತು, ಏನಣ್ಣಾ ನೀನು, ಉಸಿರು ಬಿಡೋ ಮಾರಾಯ, ನಿನ್ನ ಫೋಟೋ ಯಾರು ತೆಗೀತಿದಾರೆ, ಅಂದರೆ ಇಲ್ಲ ಕಣೇ ನಾನಿರೋದೇ ಹೀಗೆ ಅನ್ನುತ್ತಾನೆ, ಉಸಿರು ಬಿಡದೆಯೇ ಅನ್ನುತ್ತಾನೆ, ಮಾತು ಪೈಪಿನೊಳಗಿಂದ ಬಂದ ಹಾಗೆ ಬರುತ್ತದೆ — ಪಕ್ಕದಲ್ಲಿ ಅತ್ತಿಗೆ, ತಲೆಯನ್ನು ಒಂದು ಕಡೆ ವಾಲಿಸಿ ಕಿಟಕಿಯಾಚೆ ಏನೋ ಅಪರೂಪದ್ದು ಕಂಡವಳಂತೆ ನೋಡುತ್ತಿದ್ದಾಳೆ, ಕಿಟಕಿಯಾಚೆ ಎದುರು ಮನೆಯ ನೀರಿನ ಟ್ಯಾಂಕ್ ಬಿಟ್ಟರೆ ಏನಿದೆ, ಅವರ ಮಗಳು ಪುಟ್ಟಿ, ಹದಿನಾರು ವರ್ಷದ ಕತ್ತೆ, ತುಟಿಗಳನ್ನು ಬಾತುಕೋಳಿಯ ಹಾಗೆ ಮುಂದಕ್ಕೆ ಚಾಚಿದ್ದಾಳೆ, ಅಮ್ಮ ಕೈಯಲ್ಲಿದ್ದ ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದಾಳೆ, ಕದ್ದು ತಂದವಳ ಹಾಗೆ, ಮತ್ತು ಅಪ್ಪ, ನನಗೆ ಬೇಕಾದ್ದು ಅಪ್ಪ ಒಬ್ಬನೇ, ಮಿಕ್ಕವರು ಹಾಳಾಗಿ ಹೋಗಲಿ, ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಅಂಗೈ ಮೊಣಕಾಲ ಮೇಲಿಟ್ಟು, ಗಲ್ಲ ಅರ್ಧ ಇಂಚು ಮೇಲೆ, ಎಡಗೆನ್ನೆ ನನ್ನ ಕಡೆಗೆ, ತುಟಿಗೆ ಬೀಗ. ಬೆಳಿಗ್ಗೆ ಒಂಬತ್ತರಿಂದ ಇದೇ. ಈಗ ಹನ್ನೆರಡೂವರೆ. ನನ್ನ ತಲೆ ಕೆಟ್ಟು ಹೋಗಿದೆ.

ಇವತ್ತೇ ಯಾಕೆ ಪ್ರಾಣ ತಿಂತೀಯೇ ಅಂತ ಅಮ್ಮ ಕೇಳಿದಳು, ನಾಳೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋಗಬೇಕು, ಬಟ್ಟೆ ಜೋಡಿಸಬೇಕು, ಫ್ಲಾಸ್ಕ್ ತೊಳೀಬೇಕು, ನಿಂದೇನೇ ಈ ಹಾವಳಿ, ಆಪರೇಷನ್ ಆದ್ಮೇಲೆ ತೆಗಿ, ಹೊಸ ಮನುಷ್ಯ ಆಗಿ ಬರ್ತಾರೆ, ಅಂತ. ಹೊಸ ಮನುಷ್ಯ! ಏನು ಹೇಳಲಿ ಅವಳಿಗೆ, ಹೇಳಬಾರದು ಅಂತ ಅಪ್ಪನೇ ಬಾಯಿ ಕಟ್ಟಿಹಾಕಿದ್ದಾನಲ್ಲ. ಬಲಗಿವಿಯ ಕೆಳಗಿನ ಗಡ್ಡೆ ಎಲ್ಲರಿಗೂ ಗೊತ್ತು, ಮೊದಲು ಬಟಾಣಿಯಷ್ಟಿತ್ತು, ಈಗ ಪುಟ್ಟ ನಿಂಬೆಹಣ್ಣು, ಅದನ್ನು ತೆಗೆಯುತ್ತಾರೆ, ಜೀವಕ್ಕೆ ಏನೂ ಆಗುವುದಿಲ್ಲ, ಇಷ್ಟು ಎಲ್ಲರಿಗೂ ಗೊತ್ತು, ಆದರೆ ಡಾಕ್ಟರು ಹಾಳೆಯ ಮೇಲೆ ಪೆನ್ನಿನಲ್ಲಿ ಒಂದು ಕಿವಿ ಬರೆದು, ಕಿವಿಯ ಕೆಳಗೆ ಸೊನ್ನೆ ಬರೆದು, ಆ ಸೊನ್ನೆಯೊಳಗೆ ನುಗ್ಗಿ ಆಚೆ ಹೋಗುವ ಒಂದು ಗೆರೆ ಎಳೆದಾಗ ಕೋಣೆಯಲ್ಲಿದ್ದದ್ದು ಅಪ್ಪ ಮತ್ತು ನಾನು, ಇದು ಮುಖದ ನರ, ಗಡ್ಡೆ ಇದನ್ನು ಸುತ್ತಿಕೊಂಡಿದೆ, ತೆಗೀವಾಗ ನರಾನೂ ಹೋಗುತ್ತೆ, ಬಲಗಡೆ ಮುಖ ಜೋತು ಬೀಳುತ್ತೆ, ಹುಬ್ಬು ಏಳಲ್ಲ, ತುಟಿ ಏಳಲ್ಲ, ನಗೋದು ಅಂದ್ರೆ, ಎಡಗಡೆ ಮಾತ್ರ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಅಪ್ಪ ಏನು ಕೇಳಿದ ಗೊತ್ತೇ, ಯಾವ ಕಡೆ ಅಂದ್ರಿ, ಅಂತ ಮತ್ತೆ ಕೇಳಿದ, ಬಲಗಡೆ, ಸರಿ ಬಿಡಿ ಡಾಕ್ಟ್ರೇ, ಫೋಟೋಗೆ ನನ್ನ ಒಳ್ಳೆ ಕಡೆ ಎಡಗಡೆ. ಡಾಕ್ಟರು ನಕ್ಕರು. ಹೊರಗೆ ಬಂದು ಮೆಟ್ಟಿಲ ಮೇಲೆ, ನಿಮ್ಮಮ್ಮನಿಗೆ ಈಗಲೇ ಹೇಳ್ಬೇಡ, ಮಂಗಳವಾರ ಆಪರೇಷನ್ ಆದ್ಮೇಲೆ ಹೆಂಗಿದ್ರೂ ನೋಡ್ತಾಳೆ, ಅಂದ, ಸುಮ್ಮನೆ ನನ್ನ ಕೈಯಿಂದ ರಿಪೋರ್ಟಿನ ಕವರ್ ಇಸಿದುಕೊಂಡು ಕಂಕುಳಲ್ಲಿಟ್ಟುಕೊಂಡ.

ಬಲಗಡೆ, ಆ ಹಲ್ಲಿರುವುದು ಬಲಗಡೆಗೆ. ಮೇಲಿನ ಸಾಲಿನ ಮುಂದಿನ ಹಲ್ಲು, ಮೂಲೆ ಮುರಿದದ್ದು. ನಾನು ಹುಟ್ಟುವುದಕ್ಕೂ ಮೊದಲು, ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲ್ಮ್ ಡಬ್ಬಿಯ ಮುಚ್ಚಳ ಬಿಗಿಯಾಗಿದೆ ಅಂತ ಹಲ್ಲಿನಿಂದ ಎಳೆಯಲು ಹೋಗಿ ಮುರಿದುಕೊಂಡದ್ದು, ದೀಪ ಹಾಕಿ ಹುಡುಕೋಣವೆಂದರೆ ಫಿಲ್ಮ್ ಕೆಡುತ್ತದೆ, ಹಲ್ಲಿನ ಚೂರು ಬಾಯಲ್ಲೇ ಇಟ್ಟುಕೊಂಡು ಇಪ್ಪತ್ತು ನಿಮಿಷ ಫಿಲ್ಮ್ ತೊಳೆದನಂತೆ, ಇದನ್ನು ಅಮ್ಮ ನೂರು ಸಲ ಹೇಳಿದ್ದಾಳೆ, ಹೇಳುವಾಗಲೆಲ್ಲ ಅಪ್ಪ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಅಂದಿನಿಂದ ಆ ಹಲ್ಲು ಯಾವ ಫೋಟೋದಲ್ಲೂ ಬಿದ್ದಿಲ್ಲ. ಮುಗುಳ್ನಗು ತುಟಿ ಮುಚ್ಚಿಯೇ. ಆದರೆ ನಿಜವಾಗಿ ನಗು ಬಂದಾಗ, ವರ್ಷಕ್ಕೆ ನಾಲ್ಕೋ ಐದೋ ಸಲ, ತಲೆ ಹಿಂದಕ್ಕೆ ಬೀಳುತ್ತದೆ, ಮೊದಲು ಸದ್ದೇ ಇರುವುದಿಲ್ಲ, ಬಾಯಿ ಮಾತ್ರ ತೆರೆದಿರುತ್ತದೆ, ಕಣ್ಣು ಎರಡು ಗೀಟು, ಆ ಮುರಿದ ಹಲ್ಲು ಪೂರ್ತಿ ಹೊರಗೆ, ಆಮೇಲೆ ಸದ್ದು, ಅದು ಬಂತೆಂದರೆ ಪಕ್ಕದ ಅಂಗಡಿಯವರು ಏನಾಯ್ತು ಅಂತ ಬಂದು ನೋಡಬೇಕು. ಆ ನಗು ನಮ್ಮ ಮನೆಯಲ್ಲಿ ಯಾವ ಗೋಡೆಯ ಮೇಲೂ ಇಲ್ಲ. ನಲವತ್ತು ವರ್ಷ ಜಗತ್ತಿನ ಫೋಟೋ ತೆಗೆದವನು, ಅವನ ನಗುವಿನದೊಂದು ಇಲ್ಲ, ಮಗಳೂ ಫೋಟೋಗ್ರಾಫರ್, ನಾಚಿಕೆಯಾಗಬೇಕು ನನಗೆ. ಇವತ್ತು ಭಾನುವಾರ, ಇವತ್ತು ಬಿಟ್ಟರೆ ಮುಗಿಯಿತು. ಅದೂ ಈಚೆಗೆ ನಕ್ಕರೆ ಇಲ್ಲಿ ಎಳೆಯುತ್ತೆ ಅಂತ ಕಿವಿ ಹಿಡಿದುಕೊಳ್ಳುತ್ತಾನೆ, ತಿಂಗಳಾಯಿತು ನಕ್ಕು.

ತಪ್ಪೆಲ್ಲ ಅವನದೇ, ಬಿಡಿ, ಯಾರನ್ನು ಬೈಯಲಿ. ಈ ಮನೆಯವರು ಹೀಗೆ ಕಲ್ಲುಕಂಬಗಳಾಗಿರುವುದು ಅವನು ಕಲಿಸಿದ್ದರಿಂದ. ಸ್ಟುಡಿಯೋದಲ್ಲಿ ಯಾರೇ ಬರಲಿ, ಅಲ್ಲಾಡಬೇಡಿ, ಉಸಿರು ಹಿಡೀರಿ, ಒಂದು, ಎರಡು — ಎರಡಕ್ಕೆ ಬೆಳಕು. ಮೂರು ಅನ್ನುತ್ತಲೇ ಇರಲಿಲ್ಲ, ಮೂರಕ್ಕೆ ಜನ ಉಸಿರು ಬಿಟ್ಬಿಡ್ತಾರೆ ಕಣೆ, ಎರಡಕ್ಕೆ ಇನ್ನೂ ಒಳಗೇ ಇರುತ್ತೆ. ನಾನು ಶಾಲೆಗೆ ಸೇರುವವರೆಗೂ ಎರಡಾದ ಮೇಲೆ ಬೆಳಕು ಬರುತ್ತದೆ ಅಂತಲೇ ತಿಳಿದಿದ್ದೆ. ಮನೆಯಲ್ಲೂ ಅದೇ, ಹುಟ್ಟುಹಬ್ಬ, ಪ್ರವಾಸ, ಅಣ್ಣನ ಮದುವೆ, ಎಲ್ಲದರಲ್ಲೂ ಉಸಿರು ಹಿಡಿದ ಮುಖಗಳು, ನಮ್ಮ ಆಲ್ಬಂ ತೆರೆದರೆ ಇಡೀ ವಂಶ ನೀರೊಳಗೆ ಮುಳುಗಿ ಕೂತ ಹಾಗೆ ಕಾಣುತ್ತದೆ. ನಕ್ಕವರು, ತಿರುಗಿದವರು, ಅತ್ತವರು, ಅವೆಲ್ಲ ಕೆಟ್ಟವು. ಕೆಟ್ಟವನ್ನು ಅಮ್ಮ ಎಸೆಯದೆ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ, ನಾನು ಅಣ್ಣನ ಕೂದಲು ಹಿಡಿದು ಎಳೆಯುತ್ತಿರುವುದು, ಅಮ್ಮ ಸೀನುತ್ತಿರುವುದು, ಅಜ್ಜಿ ಬಾಯಿ ತೆರೆದು ಯಾರನ್ನೋ ಬೈಯುತ್ತಿರುವುದು, ಹೋದ ವಾರ ಮಂಚದ ಮೇಲೆ ಡಬ್ಬಿ ಬೋರಲು ಹಾಕಿ ಒಂದೊಂದಾಗಿ ನೋಡಿದೆ, ಇನ್ನೂರ ಹನ್ನೊಂದು ಫೋಟೋ, ಜೀವ ಇರುವುದೆಲ್ಲ ಆ ಡಬ್ಬಿಯಲ್ಲೇ ಇದೆ, ಅಪ್ಪ ಮಾತ್ರ ಇಲ್ಲ, ಎರಡರಲ್ಲಿ ಅವನ ಹೆಬ್ಬೆಟ್ಟು ಇದೆ, ಒಂದರಲ್ಲಿ ನೆಲದ ಮೇಲೆ ಅವನ ನೆರಳು. ಡಬ್ಬಿ ಮುಚ್ಚಿ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮತ್ತು ನಾನು, ನಾನೇನು ಕಮ್ಮಿ. ಅಪ್ಪನ ಕೈಯಿಂದ ಸ್ಟುಡಿಯೋ ತೆಗೆದುಕೊಂಡು ಇಪ್ಪತ್ತೆರಡು ವರ್ಷ, ದಿನಕ್ಕೆ ನಲವತ್ತು ಪಾಸ್‌ಪೋರ್ಟ್ ಫೋಟೋ, ನಲವತ್ತು ಸಲ ಅಲ್ಲಾಡಬೇಡಿ, ಉಸಿರು ಹಿಡೀರಿ, ಒಂದು, ಎರಡು. ಬಾಯಿ ಎರಡು ಅಂದರೇನೇ ಬೆರಳು ಒತ್ತುವುದು. ಈಗೀಗ ಜನಕ್ಕೆ ಹೊಸ ಹುಚ್ಚು, ಮೇಡಂ ನಮಗೆ ಕ್ಯಾಂಡಿಡ್ ಬೇಕು, ನಾವು ನಮ್ಮ ಪಾಡಿಗೆ ಇರ್ತೀವಿ, ನೀವು ನಮಗೆ ಗೊತ್ತಾಗದ ಹಾಗೆ ತೆಗೀರಿ, ಅಂತ ಹನ್ನೆರಡು ಜನರ ಕುಟುಂಬ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಬರುತ್ತದೆ, ಬಂದು ಕೇಳುತ್ತದೆ, ನಾವು ನಮ್ಮ ಪಾಡಿಗೆ ಎಲ್ಲಿ ಇರೋಣ ಮೇಡಂ, ನಿಂತ್ಕೊಂಡು ಇರೋಣ್ವಾ ಕೂತ್ಕೊಂಡು ಇರೋಣ್ವಾ. ಅಯ್ಯೋ ಕರ್ಮವೇ. ನಾನೂ ಹೇಳುತ್ತೇನೆ, ಆ ಕಡೆ ಇರಿ, ಬೆಳಕಿದೆ, ಈಗ ನಗಿ, ಇನ್ನೂ ಸ್ವಲ್ಪ, ಮಗೂನ ಎತ್ತಿ, ಅಲ್ಲಾಡಬೇಡಿ. ಅವರು ಅದನ್ನು ಒಯ್ದು ಗೋಡೆಗೆ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡಿ ಎಚ್ಚರಿಸಿದೆ, ಇವತ್ತು ಲೆಕ್ಕ ಇಲ್ಲ, ಅಲ್ಲಾಡಬೇಡಿ ಇಲ್ಲ, ಬಾಯಿಗೆ ಕಡಿವಾಣ, ಬೆರಳು ಮಾತ್ರ.

ಬೆರಳು ಮಾತ್ರ, ಆದರೆ ಬಿಟ್ಟರೆ ತಾನೇ ಇವರು. ಹತ್ತು ಗಂಟೆಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ, ಅಪ್ಪ ಮೇಜಿನ ಬಳಿ ಪೇಪರ್ ಓದುತ್ತ ಪುಟ್ಟಿಗೆ ಏನೋ ಹೇಳುತ್ತಿದ್ದ, ತುಟಿ ಸಡಿಲವಾಗಿತ್ತು, ಬರುತ್ತದೆ ಬರುತ್ತದೆ ಅಂದುಕೊಂಡು ಉಸಿರು ಬಿಗಿಹಿಡಿದಿದ್ದೆ, ಅಷ್ಟರಲ್ಲಿ ಹಿಂದಿನಿಂದ ಅಮ್ಮ, ಇಲ್ಯಾಕೆ ಕಳ್ಳಿ ಹಾಗೆ ನಿಂತಿದೀಯಾ, ಬಾ ಈ ಈರುಳ್ಳಿನಾದ್ರೂ ಹೆಚ್ಚು, ಅಂತ ಊರಿಗೆಲ್ಲ ಕೇಳುವ ಹಾಗೆ. ಅಪ್ಪ ಪೇಪರ್ ಕೆಳಗಿಟ್ಟ, ಕೈ ಮೊಣಕಾಲ ಮೇಲೆ ಹೋಯಿತು, ಗಲ್ಲ ಮೇಲೆ. ಹನ್ನೊಂದಕ್ಕೆ ಕ್ಯಾಮೆರಾವನ್ನು ಫ್ರಿಜ್ಜಿನ ಮೇಲಿಟ್ಟು ತನ್ನಷ್ಟಕ್ಕೆ ತಾನೇ ತೆಗೆಯುವ ಹಾಗೆ ಮಾಡಿದೆ, ಅದರ ಕೆಂಪು ದೀಪ ಮಿಣುಕ್ ಅಂದದ್ದೇ ಐದು ಜನವೂ ದೀಪವನ್ನೇ ನೋಡುತ್ತ ಕೂತರು, ಹದಿಮೂರು ಫೋಟೋ ಬಂದಿವೆ, ಹನ್ನೆರಡರಲ್ಲಿ ಫ್ರಿಜ್ಜಿನ ಮೇಲೆ ಹಾವು ಕಂಡವರ ಹಾಗಿದ್ದಾರೆ, ಹದಿಮೂರನೆಯದರಲ್ಲಿ ಅಪ್ಪ ಎದ್ದುಬಂದು ಲೆನ್ಸಿಗೆ ಮೂಗು ತಾಗಿಸಿದ್ದಾನೆ, ಕಿಟಕಿ ಎದುರಿಗಿಟ್ಟಿದೀಯಲ್ಲೇ, ಮುಖ ಎಲ್ಲ ಕಪ್ಪಗೆ ಬರುತ್ತೆ, ನಾನು ಇದೇನಾ ನಿನಗೆ ಕಲಿಸಿದ್ದು. ವಿಡಿಯೋ ಮಾಡು ಅತ್ತೆ, ಅದರಿಂದ ಒಂದು ಫೋಟೋ ತೆಕ್ಕೊಂಡ್ರಾಯ್ತು, ಅಂತ ಪುಟ್ಟಿಯ ಸಲಹೆ, ಮಹಾ ಬುದ್ಧಿವಂತೆ, ಅದನ್ನೂ ಹೋದ ವಾರ ಮಾಡಿ ನೋಡಿದ್ದೇನಮ್ಮಾ, ಹನ್ನೊಂದು ನಿಮಿಷದ ವಿಡಿಯೋ, ಹನ್ನೊಂದು ನಿಮಿಷವೂ ನಿಮ್ಮ ತಾತ ಫೋಟೋಗೆ ಕೂತ ಹಾಗೇ ಕೂತಿದ್ದ, ನಡುವೆ ಒಮ್ಮೆ ತುಟಿ ಅಲ್ಲಾಡಿಸದೆ ಇನ್ನೂ ಆಗ್ಲಿಲ್ವಾ ಅಂತ ಕೇಳಿದ, ಅಷ್ಟೇ. ಅತ್ತಿಗೆ ಈ ನಡುವೆ ಎರಡು ಸಲ ಸೀರೆ ಬದಲಿಸಿದಳು. ಅತ್ತಿಗೆ, ನಿಮ್ಮ ದಮ್ಮಯ್ಯ, ಸುಮ್ನೆ ಮನೇಲಿದ್ದ ಹಾಗೆ ಇರಿ, ಅಂದೆ. ಇದು ಮನೇಲಿ ಉಡೋ ಸೀರೇನೇ ಕಣ್ರೀ, ಅಂದಳು, ಮಡಿಕೆ ಇನ್ನೂ ಪೆಟ್ಟಿಗೆಯದ್ದು.

ಈಗ ಊಟ ಮುಗಿಯುತ್ತ ಬಂದಿದೆ, ತಟ್ಟೆ ಎತ್ತಿದ್ದಾರೆ, ಮೇಜಿನ ಮಧ್ಯೆ ಕಿತ್ತಳೆ ಹಣ್ಣಿನ ಬುಟ್ಟಿ, ನಾನು ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಸೋತವಳ ಹಾಗೆ ಕೂತಿದ್ದೇನೆ, ನಿಜವಾಗಿಯೂ ಸೋತಿದ್ದೇನೆ, ಕೊರಳಲ್ಲಿ ಪಟ್ಟಿ ಉಜ್ಜಿ ಉರಿಯುತ್ತಿದೆ, ಅಪ್ಪ ಸಿಪ್ಪೆ ಸುಲಿಯುತ್ತಿದ್ದಾನೆ, ಎಂದಿನ ಹಾಗೆ ಒಂದೇ ಉದ್ದದ ಸುರುಳಿ, ಮುರಿಯಬಾರದು, ಹೆಬ್ಬೆಟ್ಟಿನ ಉಗುರು ಇನ್ನೂ ಕಂದು, ಎಷ್ಟೋ ವರ್ಷದ ಕೆಮಿಕಲ್ಲಿನ ಕಲೆ, ಹೋಗಲೇ ಇಲ್ಲ — ಬಲಗಡೆಯಿಂದ ಅಗಿಯುವುದಿಲ್ಲ ಈಗ, ತೊಳೆಗಳನ್ನು ಎಡಕ್ಕೆ ತಳ್ಳಿಕೊಳ್ಳುತ್ತಾನೆ, ಇದನ್ನು ಬೇರೆ ಯಾರೂ ನೋಡುತ್ತಿಲ್ಲವೇ, ಅಮ್ಮನಿಗೆ ಕಾಣುವುದಿಲ್ಲವೇ, ಕಾಣುತ್ತದೋ ಏನೋ, ಅವಳು ಎಂದೂ ಇಲ್ಲದೆ ಬೀಜ ತೆಗೆದ ತೊಳೆಗಳನ್ನು ಅವನ ಎಡಗೈ ಹತ್ತಿರ ಇಡುತ್ತಿದ್ದಾಳೆ. ಬೇಡ, ಆ ಕಡೆ ಯೋಚನೆ ಬೇಡ. ಕ್ಯಾಮೆರಾ ಮಡಿಲಿಂದ ಮೇಜಿಗೆ, ಮೇಜಿಂದ ಎದೆಯ ಮಟ್ಟಕ್ಕೆ, ಮೆಲ್ಲಗೆ, ಬೆಕ್ಕು ಹೋದ ಹಾಗೆ, ಅಣ್ಣ ನೋಡಿಯೇಬಿಟ್ಟ, ಹೊಟ್ಟೆ ಒಳಗೆ, ಅದೂ ಊಟವಾದ ಹೊಟ್ಟೆ, ಮೂರು ಸಲ ಬಡಿಸಿಕೊಂಡ ಹೊಟ್ಟೆ, ಮುಖ ಟೊಮೇಟೊ ಹಣ್ಣಾಗಿದೆ, ನಿಮಿಷವಾಯಿತು, ನಾನು ಬೇಕೆಂದೇ ಕ್ಯಾಮೆರಾ ಇಳಿಸುತ್ತಿಲ್ಲ, ಸಾಯಲಿ, ಎಷ್ಟು ಹೊತ್ತು ಹಿಡಿಯುತ್ತಾನೋ ಹಿಡಿಯಲಿ, ಬೇಗ ತೆಗಿಯೇ ತಾಯಿ ಅಂತ ಹಲ್ಲಿನ ಸಂದಿಯಿಂದ ಹೇಳುತ್ತಿದ್ದಾನೆ, ರೀ ಬಿಡಿ ಉಸಿರು ಅಂತ ಅತ್ತಿಗೆ, ಅಪ್ಪ ಸುರುಳಿ ಸಿಪ್ಪೆಯಿಂದ ಕಣ್ಣೆತ್ತಿ ಮಗನನ್ನು ನೋಡಿದ, ಮಗನ ಹೊಟ್ಟೆಯನ್ನು ನೋಡಿದ, ಏನೋ, ಮೂರು ಆದ್ರೂ ಬಿಟ್ಟಿಲ್ವಲ್ಲೋ, ಅಂದ, ಅಷ್ಟೇ ಅಂದದ್ದು, ಅಣ್ಣ ಬಿಟ್ಟ — ಬುಸ್ಸೆಂದು ಬಿಟ್ಟ, ಅಂಗಿಯ ಮೂರನೆಯ ಗುಂಡಿ ಹಾರಿತು, ಮೇಜಿನ ಮೇಲೆ ಒಂದು ಸಲ ಪುಟಿಯಿತು, ಅಪ್ಪನ ನೀರಿನ ಲೋಟದೊಳಗೆ, ಟಣ್.

ಒಂದು ಕ್ಷಣ ಎಲ್ಲರೂ ಲೋಟವನ್ನೇ ನೋಡಿದರು. ಆಮೇಲೆ ಅಪ್ಪನ ತಲೆ ಹಿಂದಕ್ಕೆ ಬಿತ್ತು, ಬಾಯಿ ತೆರೆಯಿತು, ಸದ್ದಿಲ್ಲ, ಇನ್ನೂ ಸದ್ದಿಲ್ಲ, ಕಣ್ಣು ಎರಡು ಗೀಟು, ಎಡಗೈ ಗಾಳಿಯಲ್ಲಿ, ಬಲಗೈಯಲ್ಲಿ ಕಿತ್ತಳೆಯ ಸಿಪ್ಪೆ ಜೋತಾಡುತ್ತಿದೆ, ಕಿಟಕಿಯ ಬೆಳಕು ನೇರವಾಗಿ ಬಲಗೆನ್ನೆಗೆ, ಬಲಗೆನ್ನೆಗೇ, ಗಡ್ಡೆಯ ಮೇಲೆ, ಎದ್ದ ತುಟಿಯ ಮೇಲೆ, ಆ ಹಲ್ಲು, ಮೂಲೆ ಮುರಿದ ಹಲ್ಲು, ಹೊಳೆಯಿತು, ನಾನು ನೋಡಿದೆ, ಚೌಕಟ್ಟಿನ ನಟ್ಟನಡುವೆ ನೋಡಿದೆ, ಅಮ್ಮ ತೊಳೆ ಗಿಳೆ ಎಲ್ಲ ಬಿಟ್ಟು ಅಪ್ಪನ ಭುಜದ ಮೇಲೆ ಬಿದ್ದಿದ್ದಾಳೆ, ಪುಟ್ಟಿಯ ಮೂಗಿನಿಂದ ನೀರು ಬಂದಿದೆ, ಎಲ್ಲ ಇದೆ, ಎಲ್ಲ ಇಲ್ಲೇ ಇದೆ, ಒತ್ತಬೇಕು, ಬರೀ ಒತ್ತಬೇಕು, ನನ್ನ ಬೆರಳು ಕ್ಯಾಮೆರಾದ ಗುಂಡಿಯ ಮೇಲೇ ಇದೆ, ಬೆರಳು ಕಾಯುತ್ತಿದೆ, ಏನನ್ನು ಕಾಯುತ್ತಿದೆ, ಮುಂಡೇದು, ಒತ್ತು, ಅಂತ ಒಳಗೆ ಕಿರುಚುತ್ತಿದ್ದೇನೆ, ಆಗ ನನ್ನ ಬಾಯಿ ತೆರೆಯಿತು. ಅಲ್ಲಾಡಬೇಡಿ, ಅಂದಿತು. ನನ್ನ ಬಾಯಿ, ನನ್ನದೇ ದರಿದ್ರ ಬಾಯಿ, ಅಲ್ಲಾಡಬೇಡಿ, ಉಸಿರು ಹಿಡೀರಿ, ಒಂದು — ಅಮ್ಮ ನೆಟ್ಟಗಾದಳು, ಅತ್ತಿಗೆ ಕಿಟಕಿಯ ಕಡೆ, ಅಣ್ಣ ಗುಂಡಿ ಹೋದ ಅಂಗಿಯನ್ನು ಕೈಯಿಂದ ಮುಚ್ಚಿಕೊಂಡು ಹೊಟ್ಟೆ ಒಳಗೆ, ಅಪ್ಪನ ತಲೆ ಮುಂದಕ್ಕೆ ಬಂತು, ಸದ್ದು ಬರಬೇಕಾದ ನಗು ಗಂಟಲಲ್ಲೇ ನಿಂತು ಒಮ್ಮೆ ಬಿಕ್ಕಳಿಕೆಯ ಹಾಗೆ ಎದೆ ಕುಲುಕಿತು, ಸಿಪ್ಪೆ ಮೇಜಿನ ಮೇಲೆ, ಕೈ ಮೊಣಕಾಲ ಮೇಲೆ, ಗಲ್ಲ ಅರ್ಧ ಇಂಚು ಎದ್ದಿತು, ಎಡಗೆನ್ನೆ ನನ್ನ ಕಡೆಗೆ ತಿರುಗಬೇಕು, ತಿರುಗುತ್ತಿದೆ, ತುಟಿ ಇಳಿಯುತ್ತಿದೆ, ನಾನು ಹೇಳಿದ್ದಕ್ಕೆ ಇಳಿಯುತ್ತಿದೆ, ಗಿರಾಕಿಯ ಹಾಗೆ ನನ್ನ ಮಾತು ಕೇಳಿ — ಎರಡು. ಬೆರಳು ಒತ್ತಿತು.

ಬಂತಾ, ಅಂತ ಅಪ್ಪ ಕೇಳುತ್ತಿದ್ದಾನೆ. ಬಂತಪ್ಪ, ಅಂದೆ. ಏನು ಅನ್ನಲಿ ಮತ್ತೆ. ಕಿವಿಯ ಕೆಳಗೆ ಅಂಗೈ ಒತ್ತಿಕೊಂಡು, ಅಬ್ಬಾ, ನಗಿಸಿ ಸಾಯಿಸಿದ ಇವನು, ಎಳೀತಿದೆ ಕಣೇ, ಸಾಕು ಇವತ್ತಿಗೆ, ಇನ್ನು ನಗಿಸ್ಬೇಡಿ ನನ್ನ, ಹೋಗಿ ಸ್ವಲ್ಪ ಮಲಗ್ತೀನಿ, ಅಂತ ಏಳುತ್ತಿದ್ದಾನೆ, ಎದ್ದವನು ನನ್ನ ಕುರ್ಚಿಯ ಹಿಂದೆ ಬಂದು ನಿಂತ, ತೋರ್ಸು. ತೋರಿಸಲಾರೆ. ತೋರ್ಸೇ ಮರಿ, ಅಂತ ಭುಜದ ಮೇಲಿಂದ ಕೈ ಚಾಚಿ ಕ್ಯಾಮೆರಾ ತಾನೇ ತೆಗೆದುಕೊಂಡ, ಕನ್ನಡಕ ಹಣೆಯಿಂದ ಇಳಿಸಿಕೊಂಡ, ದೊಡ್ಡದು ಮಾಡಿ ಒಬ್ಬೊಬ್ಬರ ಕಣ್ಣನ್ನೂ ನೋಡಿದ, ಅಮ್ಮನ ಕಣ್ಣು, ಅಣ್ಣನ ಕಣ್ಣು, ಪುಟ್ಟಿಯದು, ಸ್ಟುಡಿಯೋದಲ್ಲಿ ನೆಗೆಟಿವ್ ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೆ, ಕಣ್ಣು ಚೂಪಾಗಿದ್ರೆ ಫೋಟೋ ಗೆದ್ದ ಹಾಗೆ ಕಣೇ, ಅನ್ನುತ್ತಿದ್ದನಲ್ಲ, ಕೊನೆಗೆ ತನ್ನದನ್ನು ನೋಡಿದ, ಸ್ವಲ್ಪ ಹೊತ್ತು ನೋಡಿದ, ಏನಾದರೂ ಹೇಳುತ್ತಾನೆ, ಗೊತ್ತಿದೆ ಅವನಿಗೆ, ನಾನು ಬೆಳಿಗ್ಗೆಯಿಂದ ಯಾತಕ್ಕೆ ಒದ್ದಾಡಿದೆ ಅಂತ ಈ ಮನೆಯಲ್ಲಿ ಗೊತ್ತಿರುವುದು ಅವನೊಬ್ಬನಿಗೇ, ಬೈಯಲಿ, ಒಂದು ಮಾತು ಬೈದುಬಿಡಲಿ. ಭೇಷ್, ಅಂದ, ಅವನ ಅಂಗೈ ನನ್ನ ನೆತ್ತಿಯ ಮೇಲೆ ಬಂತು, ಕಿತ್ತಳೆಯ ವಾಸನೆ, ಭೇಷ್ ಮಗಳೇ, ಒಬ್ಬರೂ ಅಲ್ಲಾಡಿಲ್ಲ ನೋಡು, ಅಂದ. ಚಪ್ಪಲಿ ಎಳೆಯುತ್ತ ಕೋಣೆಗೆ ಹೋಗುತ್ತಿದ್ದಾನೆ, ಅಮ್ಮ ಲೋಟದಿಂದ ಗುಂಡಿ ತೆಗೆದು ಸೆರಗಿಗೆ ಒರೆಸಿ ದಾರ ಎಲ್ಲಿ ಅನ್ನುತ್ತಿದ್ದಾಳೆ, ಕ್ಯಾಮೆರಾ ನನ್ನ ಕೈಯಲ್ಲಿದೆ, ಅವನು ದೊಡ್ಡದು ಮಾಡಿದ್ದು ಹಾಗೇ ಇದೆ, ಅಪ್ಪನ ಬಾಯಿ ಮಾತ್ರ, ತೆರೆಯ ತುಂಬ ಬಾಯಿ, ಒಬ್ಬರೂ ಅಲ್ಲಾಡಿಲ್ಲ, ತುಟಿ ಇಳಿದಿದೆ, ಪೂರ್ತಿ ಅಲ್ಲ, ತುಟಿಯ ಕೆಳಗೆ, ಬಲಗಡೆ, ಅಕ್ಕಿಕಾಳಿನಷ್ಟು ಬಿಳಿ, ಮುರಿದ ಮೂಲೆ ಕಾಣುವುದಿಲ್ಲ, ಅಕ್ಕಿಕಾಳಿನಷ್ಟು, ಚೂಪಾಗಿದೆ, ಒಂದು, ಎರಡು, ತುಟಿ, ಅದರ ಕೆಳಗೆ ಅಕ್ಕಿಕಾಳಿನಷ್ಟು ಬಿಳಿ, ಅಕ್ಕಿಕಾಳಿನಷ್ಟು ಬಿಳಿ